ಮಾವನ ಕೋವಿ ಬೇಯಿಸಿದ್ದು

"ಕಬ್ಬಿಣಕ್ಕೆ ಬಣ್ಣ ಕಟ್ಟೋದೇನು ಬ್ರಹ್ಮವಿದ್ಯೆನಾ? ಮಾವನ ಕೋವಿಗೆ ನಾನೇ ಬಣ್ಣ ಕಟ್ತೀನಿ. ಇದೇ ಮನೇಲಿ, ಇದೇ ಒಲೆ ಮೇಲೆ!" ಎಂದು ಮೇಜು ಗುದ್ದಿ ನಾನು ಘೋಷಿಸಿದೆ. ಮೇಜಿನ ಮೇಲಿದ್ದ ಮೊಸರಿನ ಬೋಗುಣಿ ಒಮ್ಮೆ ನೆಗೆದು ಕೂತಿತು.

ಎಲೆಕೋಸು ಹೆಚ್ಚುತ್ತಿದ್ದ ಹೆಂಡತಿ ದರಿಂಕಾ ತಲೆ ಎತ್ತಲಿಲ್ಲ.

"ಅಮ್ಮ ಏನ್ ಹೇಳಿ ಹೋದ್ಲು? ನಿಕ್ಷಿಚ್ ಪೇಟೆಗೆ ಹೋಗಿ ಕೋವಿ ಮೇಸ್ತ್ರಿ ಕೈಗೆ ಕೊಟ್ಟು ಬಾ ಅಂದ್ಲು ತಾನೆ?"

"ಮೇಸ್ತ್ರಿ ಮಾಡೋದನ್ನೆಲ್ಲ ನಾನು ಸೈನ್ಯದಲ್ಲಿದ್ದಾಗ ಆಯುಧಶಾಲೆಯಲ್ಲಿ ಕಣ್ಣಾರೆ ಕಂಡಿದೀನಿ ಕಣೇ!"

"ಕಂಡಿದೀಯ. ಪಕ್ಕದ ಅಡುಗೆಮನೆ ಕಿಟಕಿಯಿಂದ. ಆಲೂಗೆಡ್ಡೆ ಸುಲೀತಾ."

ಹೆಂಡತಿಗೆ ಹಳೆಯ ಕಥೆಗಳನ್ನು ಸತ್ಯವಾಗಿ ಹೇಳಬಾರದು ಎಂಬ ನೀತಿ ನನಗೆ ತಡವಾಗಿ ತಿಳಿಯಿತು. ಇರಲಿ. ಆಲೂಗೆಡ್ಡೆ ಸುಲಿದದ್ದು ಕೈ; ನೋಡಿದ್ದು ಕಣ್ಣು. ಆ ಕಿಟಕಿಯಾಚೆ ತುಕ್ಕು ಹಿಡಿದ ಬಂದೂಕಿನ ನಳಿಗೆಗಳನ್ನು ಕುದಿಯುವ ಉಪ್ಪಿನ ದ್ರಾವಣದಲ್ಲಿ ಮುಳುಗಿಸುತ್ತಿದ್ದರು. ಎತ್ತಿದಾಗ ಅವು ನೀಲಿ ಮಿಶ್ರಿತ ಕಪ್ಪು ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುತ್ತಿದ್ದವು. ಇದಕ್ಕಿಂತ ಹೆಚ್ಚು ಕಲಿಯುವುದು ಏನಿದೆ?

ನನ್ನ ಹಟಕ್ಕೆ ಕಾರಣವಿತ್ತು. ನಾನು ಮನೆ ಅಳಿಯ. ನಮ್ಮ ಮಾಂಟೆನೆಗ್ರೊದ ಕಲ್ಲುಬೆಟ್ಟಗಳಲ್ಲಿ ಗಂಡಸನ್ನು ಕಳ್ಳ ಎಂದರೆ ಸಹಿಸಿಕೊಳ್ಳಬಹುದು, ಕುಡುಕ ಎಂದರೆ ಅದು ಹೊಗಳಿಕೆ. ಹೆಂಡತಿಯ ಮನೆಗೆ ಹೋಗಿ ಕೂತವನು ಎಂಬ ಹೆಸರು ಮಾತ್ರ ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ. ಊರಿನವರು ನನ್ನನ್ನು ಬರೀ ಬ್ಲಾಗೊತ ಎಂದು ಕರೆದದ್ದೇ ಇಲ್ಲ. "ದರಿಂಕಾಳ ಬ್ಲಾಗೊತ" ಎನ್ನುತ್ತಾರೆ, ಅವಳು ಸಾಕಿದ ಹೋತದ ಹೆಸರು ಹೇಳಿದ ಹಾಗೆ.

ಮನೆಯ ಯಜಮಾನಿಕೆ ನಡುಮನೆಯ ಗೋಡೆಯ ಮೇಲಿತ್ತು. ಅಲ್ಲಿ ನನ್ನ ಮಾವ ಯೊಕ್ಸಿಮ್ ಅವರ ಪಟ, ಅದರ ಕೆಳಗೆ ಅವರ ಜೋಡುನಳಿಗೆ ಕೋವಿ. ನಾನು ಮದುವೆಯಾಗಿ ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಆದರೂ ಮನೆಯಲ್ಲಿ ಎಲ್ಲರೂ ಅವರನ್ನು ಕೇಳಿಯೇ ಉಸಿರಾಡುತ್ತಿದ್ದರು. ಅವರು ಬದುಕಿದ್ದಾಗ ನಕ್ಕದ್ದನ್ನು ಕಂಡವರಿಲ್ಲ, ಅತ್ತದ್ದನ್ನಂತೂ ಕಲ್ಪಿಸಿಕೊಂಡವರೇ ಇಲ್ಲ. ಪಟದಲ್ಲಿ ಅವರ ಕಣ್ಣು ನೇರ ಊಟದ ಮೇಜನ್ನು ನೋಡುತ್ತಿತ್ತು. ನಾನು ಎರಡನೇ ಸಲ ಮಾಂಸ ಬಡಿಸಿಕೊಳ್ಳುವಾಗ ಆ ಕಣ್ಣು ಕಿರಿದಾಗುತ್ತಿತ್ತು ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ.

ಆ ಕೋವಿಯನ್ನು ಮುಟ್ಟುವ ಹಕ್ಕು ಅತ್ತೆ ಮಿಲುಶಾಗೆ ಮಾತ್ರ. ಹಂದಿಯ ಕೊಬ್ಬು ಸವರಿ ಸವರಿ ಅವರು ಅದರ ನಳಿಗೆಯ ಬಾಯಿಗಳನ್ನೇ ಮುಚ್ಚಿಬಿಟ್ಟಿದ್ದರು. ಈಗ ನನ್ನ ಮಗಳು ನೆವೆನಾಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಹುಡುಗಿಯನ್ನು ಕರೆದೊಯ್ಯಲು ಬಂದಾಗ ಮನೆಯ ಗಂಡಸು ಹೊಸ್ತಿಲ ಮೇಲೆ ನಿಂತು ಆಕಾಶಕ್ಕೆ ಕೋವಿ ಹಾರಿಸಬೇಕು. ಹಾರಿಸದಿದ್ದರೆ ಹುಡುಗಿ ದಿಕ್ಕಿಲ್ಲದವಳಾಗಿ ಹೋದಳು ಎಂದೇ ಲೆಕ್ಕ. ಅತ್ತೆ ಬಹಳ ಹೊತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇ ಹಾರಿಸು. ಬೇರೆ ಯಾರಿದ್ದಾರೆ?" ಎಂದಿದ್ದರು. ಆಹಾ! ಪಟ್ಟಾಭಿಷೇಕದ ಮಾತು ಇದಕ್ಕಿಂತ ಚೆನ್ನಾಗಿ ಬರಲು ಸಾಧ್ಯವಿಲ್ಲ. ಕೆಳಗಿಳಿಸಿ ನೋಡಿದರೆ ಕೋವಿ ಕೊಬ್ಬಿನ ಕೆಳಗೆ ಕೆಂಪಗೆ ತುಕ್ಕು ಹಿಡಿದಿತ್ತು. ಮೇಸ್ತ್ರಿಗೆ ಕೊಟ್ಟು ಬಾ ಎಂದು ಹೇಳಿ ಅತ್ತೆ ತಮ್ಮ ತಂಗಿಯ ಊರಿಗೆ ಹೋದರು.

ಮನೆಯಲ್ಲಿ ಸಾಮಗ್ರಿಗೆ ಬರವಿರಲಿಲ್ಲ. ದರಿಂಕಾ ಸಾಬೂನು ಕಾಯಿಸಲು ಇಟ್ಟ ಕಾಸ್ಟಿಕ್ ಸೋಡ ಇತ್ತು. ಹೊಗೆಮನೆಯಲ್ಲಿ ಹಂದಿಯ ತೊಡೆಗೆ ಉಜ್ಜಲು ಅತ್ತೆ ಬಚ್ಚಿಟ್ಟ ಪೆಟ್ಲುಪ್ಪು ಇತ್ತು. ಅಳತೆಯೋ? ಅಳತೆ ಬೇಕಾಗುವುದು ಆತ್ಮವಿಶ್ವಾಸ ಇಲ್ಲದವರಿಗೆ. ಪಾತ್ರೆಗೆ ಮಾತ್ರ ತೊಡಕಾಯಿತು, ನಳಿಗೆ ಉದ್ದ. ದರಿಂಕಾ ಹಬ್ಬಕ್ಕೆ ಸಿಹಿರೊಟ್ಟಿ ಸುಡುವ ಉದ್ದನೆಯ ಅಲ್ಯೂಮಿನಿಯಂ ತಟ್ಟೆಯನ್ನು ನಾನು ಸದ್ದಿಲ್ಲದೆ ಹಿತ್ತಿಲಿಗೆ ಸಾಗಿಸಿದೆ.

ಸೋಡದ ನೀರು ಸುರಿದದ್ದೇ ತಡ, ತಟ್ಟೆ ಹಾವಿನಂತೆ ಬುಸುಗುಟ್ಟಿತು. ನೊರೆ ಉಕ್ಕಿತು, ಮೂಗು ಸುಡುವ ಹಬೆ ಎದ್ದಿತು. ಹಬೆ ಆರಿದಾಗ ನೋಡುತ್ತೇನೆ, ತಟ್ಟೆಯ ತಳವೇ ಇಲ್ಲ! ತೂತು ಬಿದ್ದಿದ್ದಲ್ಲ, ಕರಗಿ ಮಾಯವಾಗಿತ್ತು. ಕೈಯಲ್ಲಿ ಅಂಚು ಮಾತ್ರ ಉಳಿದಿತ್ತು, ಪಟವಿಲ್ಲದ ಚೌಕಟ್ಟಿನ ಹಾಗೆ.

ಅದರೊಳಗಿಂದ ದರಿಂಕಾಳ ಮುಖ ಕಾಣಿಸಿತು.

"ಇದು ನನ್ನ ತಟ್ಟೇನಾ?"

"ಆಗಿತ್ತು."

"ತಳ ಎಲ್ಲಿ?"

"ಅದನ್ನೇ ನಾನೂ ಹುಡುಕ್ತಾ ಇದೀನಿ."

ಅವಳು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ವಂಶದ ಬಗ್ಗೆ ಅವಳಿಗಿರುವ ಆಳವಾದ ಜ್ಞಾನ ಆ ದಿನ ಇಡೀ ಕಣಿವೆಗೆ ತಿಳಿಯಿತು. ಆದರೆ ಅಮ್ಮನಿಗೆ ಹೇಳುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡೆ. ಆಮೇಲೆ ಹಂದಿಗೆ ಮೇವಿಡುವ ಕಬ್ಬಿಣದ ತೊಟ್ಟಿಯನ್ನು ಹಿತ್ತಿಲ ಒಲೆಯ ಮೇಲೇರಿಸಿದೆ. ಹಂದಿಗೆ ಮರುದಿನವೇ ಬೇರೆ ತೊಟ್ಟಿ ತಂದೆ. ಅದರ ಪ್ರಾಣದ ಮೇಲೆ ನನಗೆ ನಿಜವಾದ ಪ್ರೀತಿಯಿದೆ.

ಮಧ್ಯಾಹ್ನವಾದರೂ ಮಂಜು ಬೆಟ್ಟದಿಂದ ಇಳಿದು ಹಿತ್ತಿಲ ಗೋಡೆಯನ್ನು ನುಂಗಿತ್ತು. ದ್ರಾವಣ ಗೊಣಗುತ್ತಾ ಕುದಿಯಿತು. ನಮ್ಮ ನಾಯಿ ಬಂದು ಒಮ್ಮೆ ಮೂಸಿ, ಬಾಲ ಮಡಚಿ, ಮಂಜಿನೊಳಗೆ ಹೋದದ್ದು ಊಟದ ಹೊತ್ತಿಗೂ ಬರಲಿಲ್ಲ. ನಳಿಗೆಯನ್ನು ತಂತಿಯಲ್ಲಿ ಕಟ್ಟಿ ಇಳಿಬಿಟ್ಟೆ. ಹಬೆಯ ನಡುವೆ ಅದು ಮೊದಲು ಬೂದು, ಆಮೇಲೆ ಹೊನ್ನಿನ ಬಣ್ಣ, ಆಮೇಲೆ ನೇರಳೆಯಾಗಿ ತಿರುಗುತ್ತಿದ್ದಾಗ ನನಗೆ ಕಾರಣವಿಲ್ಲದೆ ಬೆನ್ನು ಜುಮ್ಮೆಂದಿತು. ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸಿ ತಿರುಗಿದೆ. ಯಾರೂ ಇರಲಿಲ್ಲ. ತೆರೆದ ಬಾಗಿಲಿನಿಂದ ನೇರ ನಡುಮನೆಯ ಪಟ ಕಾಣುತ್ತಿತ್ತು.

ಎದ್ದು ಹೋಗಿ ಬಾಗಿಲು ಹಾಕಿದೆ.

ಆದರೆ ಬಣ್ಣ! ಅಯ್ಯೋ, ಆ ಬಣ್ಣ ಏನು ಹೇಳಲಿ! ಮಳೆಗಾಲದ ಇರುಳಿನಂಥ ಕಪ್ಪು, ಬೆಳಕಿಗೆ ಹಿಡಿದರೆ ಒಳಗೆಲ್ಲೋ ನೀಲಿ. ನಾನೇ ಬೆರಗಾದೆ. ಒಂದು ಬಿಂದಿಗೆ ನೀರಲ್ಲಿ ತೊಳೆದು, ಎಣ್ಣೆ ಸವರಿ, ಗೋಡೆಗೆ ತೂಗುಹಾಕಿದೆ. ಇನ್ನೂ ನಾಲ್ಕು ಬಿಂದಿಗೆ ತೊಳೆಯಬೇಕಿತ್ತು ಎಂಬುದು ಈಗ ತಿಳಿದಿದೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಮನೆತನದ ವಿದ್ಯೆ.

ಅತ್ತೆ ಹಿಂತಿರುಗಿ ಬಂದವರು ಕೋವಿಯ ಮುಂದೆ ನಿಂತೇ ನಿಂತರು. ಹೆಬ್ಬೆರಳಿನಿಂದ ನಳಿಗೆಯ ಮೇಲೆ ಒಂದು ಗೆರೆ ಎಳೆದರು.

"ಇದು ಕೈ ಅಂದ್ರೆ," ಅಂದರು. "ನಿಕ್ಷಿಚ್‌ನವರ ಕೈ ಇದು. ನಮ್ಮೂರಲ್ಲಿ ಯಾರಿಗೆ ಬರುತ್ತೆ ಇಂಥದ್ದು?"

ದರಿಂಕಾ ಒಲೆಯ ಕಡೆ ತಿರುಗಿ ಕೆಮ್ಮಿದಳು. ನಾನು ಮಾತ್ರ ನನ್ನ ಜೀವನದ ಮೊದಲ ಹೊಗಳಿಕೆಯನ್ನು ಬೇರೆಯವನ ಹೆಸರಿನಲ್ಲಿ ಸ್ವೀಕರಿಸಿ ಸುಮ್ಮನಿದ್ದೆ.

ಮೊದಲು ಬಂದದ್ದು ದನಿ.

ಮಂಜು ಕವಿದ ಒಂದು ಬೆಳಿಗ್ಗೆ ನಾವೆಲ್ಲ ಮೇಜಿನ ಸುತ್ತ ಜೋಳದ ಗಂಜಿ ಉಣ್ಣುತ್ತಿದ್ದೆವು. ಅತ್ತೆ ಎಂದಿನಂತೆ ಪಟದ ಕಡೆ ನೋಡಿ, "ಯೊಕ್ಸಿಮ್, ಮೊಮ್ಮಗಳ ಮದುವೆ ಬಂತು," ಅಂದರು. ಗೋಡೆಯಿಂದ ಉತ್ತರ ಬಂತು.

"ಹೂಂ…"

ಗಂಟಲಿನ ಆಳದಿಂದ ಬಂದ, ಯಾವುದಕ್ಕೂ ಸಮಾಧಾನವಿಲ್ಲದ ಮುದುಕನ ಹೂಂ. ನನ್ನ ಚಮಚ ಗಂಜಿಯಲ್ಲಿ ಮುಳುಗಿತು. ಅತ್ತೆ ನಿಧಾನವಾಗಿ ಶಿಲುಬೆಯ ಗುರುತು ಮಾಡಿಕೊಂಡು ಇನ್ನೊಮ್ಮೆ, "ಯೊಕ್ಸಿಮ್?" ಅಂದರು.

"ಹೂಂ…"

ಎದ್ದು ಹೋಗಿ ಕೋವಿಯ ಹತ್ತಿರ ನಿಂತ ಅತ್ತೆ ಒಮ್ಮೆಲೇ ಬಾಯಿಗೆ ಕೈ ಇಟ್ಟುಕೊಂಡರು. ಎರಡು ನಳಿಗೆಗಳು ಕೂಡುವ ಸಂದಿನಲ್ಲಿ ಒಂದು ಬಿಳಿಯ ಹನಿ ಮೂಡಿತ್ತು. ಅದು ದಪ್ಪವಾಗಿ, ನಡುಗಿ, ಕೆಳಗಿನ ಪೆಟ್ಟಿಗೆಯ ಮೇಲೆ ಟಪ್ಪೆಂದು ಬಿತ್ತು. ಅದು ಇಳಿದ ದಾರಿಯಲ್ಲಿ ಕಪ್ಪು ಉಕ್ಕಿನ ಮೇಲೆ ಬಿಳಿಯ ಗೆರೆ ಉಳಿಯಿತು.

"ಅಳ್ತಾ ಇದ್ದಾನೆ," ಅಂದರು ಅತ್ತೆ. ಅವರ ದನಿಯಲ್ಲಿ ಹೆದರಿಕೆಗಿಂತ ಬೇರೆ ಏನೋ ಇತ್ತು. ಅದೇನೆಂದು ನನಗೆ ಆಗ ತಿಳಿಯಲಿಲ್ಲ, ತಿಳಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಂದಿನಿಂದ ಮಂಜು ಇಳಿದ ದಿನವೆಲ್ಲ ಕೋವಿ ಅತ್ತಿತು. ಒರೆಸಿದರೆ ಮತ್ತೆ ಒಸರುತ್ತಿತ್ತು. ಪೆಟ್ಟಿಗೆಯ ಮೇಲೆ ಅತ್ತೆ ಮಲಗುವ ಮುನ್ನ ಮಡಚಿಟ್ಟಿದ್ದ ಕರಿಯ ಉಣ್ಣೆಯ ಶಾಲನ್ನು, ಗಂಡ ಸತ್ತ ದಿನದಿಂದ ಅವರು ಹೊದೆಯುತ್ತಿದ್ದ ಶಾಲನ್ನು, ಎತ್ತಿ ನೋಡಿದರೆ ಹನಿ ಬಿದ್ದಲ್ಲೆಲ್ಲ ತೂತು! ಇಲಿ ಕಡಿದದ್ದಲ್ಲ, ಸುಟ್ಟದ್ದಲ್ಲ. ಉಣ್ಣೆಯೇ ಲೋಳೆಯಾಗಿ ಕರಗಿಹೋಗಿತ್ತು. ಅತ್ತೆ ಆ ತೂತುಗಳಿಂದ ಬೆಳಕಿನ ಕಡೆ ನೋಡಿ, "ಶೋಕ ಸಾಕು, ಶಾಲು ತೆಗಿ ಅಂತಿದ್ದಾನೆ," ಅಂದರು. ಅಂದೇ ಶಾಲನ್ನು ತೆಗೆದಿಟ್ಟರು. ಅದಿಲ್ಲದೆ ಅವರನ್ನು ನಾನು ಎಂದೂ ಕಂಡಿರಲಿಲ್ಲ. ಅವರ ಹೆಗಲು ಎಷ್ಟು ಸಣ್ಣದು ಎಂದು ಆಗಲೇ ಕಂಡದ್ದು.

ಸುದ್ದಿ ನಿಲ್ಲುತ್ತದೆಯೇ? ಊರಿನ ಹೆಂಗಸರು ಮೇಣದ ಬತ್ತಿ ಹಿಡಿದು ಬಂದರು. ಸಾವಿನ ಮನೆಯಲ್ಲಿ ಹಾಡಿ ಅಳುವುದರಲ್ಲಿ ಹೆಸರಾದ ಪೆತ್ರೂಶಾ ಮುದುಕಿಯೂ ಬಂದಳು. ನಮ್ಮಲ್ಲಿ ಸತ್ತವರ ಪರವಾಗಿ ಮಾತನಾಡುವುದು ಆಕೆಯ ಕೆಲಸ. ಅವಳು ಕೋವಿಯ ಮುಂದೆ ಕೂತು ಎದೆ ಬಡಿದುಕೊಂಡು ಎಳೆದಳು ನೋಡಿ ರಾಗ:

"ಯಾಕಯ್ಯಾ ಯೊಕ್ಸಿಮ್, ಕಲ್ಲೆದೆಯ ಯೊಕ್ಸಿಮ್! ಮನೆಯ ಬೆಳಕು ಹೊರಟಿತು ಅಂತ ಅಳ್ತೀಯಾ? ಇದ್ದೊಬ್ಬ ಮೊಮ್ಮಗಳು ಪರರ ಪಾಲಾದ್ಲು ಅಂತ ಅಳ್ತೀಯಾ?"

"ಹೂಂ…" ಎಂದಿತು ಕೋವಿ.

ಹೆಂಗಸರೆಲ್ಲ ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದರು. ಪೆತ್ರೂಶಾಳ ಬಾಯಿ ತೆರೆದೇ ಉಳಿಯಿತು. ಆಕೆ ತನ್ನ ಜೀವಮಾನದಲ್ಲಿ ನೂರಾರು ಸತ್ತವರನ್ನು ಪ್ರಶ್ನೆ ಕೇಳಿದ್ದಳು. ಉತ್ತರ ಸಿಕ್ಕಿದ್ದು ಇದೇ ಮೊದಲು. ಕಾಫಿಗೂ ನಿಲ್ಲದೆ ಹೊರಟಳು.

ಅಂದು ಅತ್ತೆ ನಮ್ಮನ್ನು ಕರೆದು ಹೇಳಿಬಿಟ್ಟರು. "ಮದುವೆ ಬೇಡ."

ನೆವೆನಾ ಬಿಳಚಿಕೊಂಡಳು. "ಅಜ್ಜೀ!"

"ಇಡೀ ಆಯುಸ್ಸಲ್ಲಿ ಆ ಮನುಷ್ಯ ನನ್ನ ಹತ್ರ ಒಂದು ಲೋಟ ನೀರೂ ಕೇಳ್ದೋನಲ್ಲ. ತಾನೇ ಎದ್ದು ಹೋಗಿ ಕುಡೀತಿದ್ದ. ಈಗ ಮೊದಲ್ನೇ ಸಲ ಏನೋ ಕೇಳ್ತಿದ್ದಾನೆ. ಇಲ್ಲ ಅನ್ಲಾ ನಾನು?"

ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಸದ್ದು ಬರಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಆ ಹುಡುಗನಿಗಾಗಿ ಅವಳು ಶಾಲೆಯ ದಿನಗಳಿಂದ ಕಾಯುತ್ತಿದ್ದಳು ಎಂದು ನನಗೆ ಗೊತ್ತಿತ್ತು.

ದರಿಂಕಾ ನನ್ನನ್ನು ಹೊಗೆಮನೆಗೆ ಎಳೆದುಕೊಂಡು ಹೋದಳು. ತೂಗುಬಿಟ್ಟ ಹಂದಿಯ ತೊಡೆಗಳ ನಡುವೆ ನನ್ನನ್ನೂ ಒಂದು ಕೊಕ್ಕೆಗೆ ಹಾಕುವವಳ ಹಾಗೆ ನಿಂತಳು.

"ಹೇಳು ಅಮ್ಮಂಗೆ. ನಾನೇ ಬೇಯ್ಸಿದ್ದು ಅಂತ ಹೇಳು."

"ಬೇಯ್ಸಿದ್ದಕ್ಕೂ ಅಳೋದಕ್ಕೂ ಏನೇ ಸಂಬಂಧ? ಸೈನ್ಯದ ಬಂದೂಕು ಒಂದೂ ಅಳ್ಲಿಲ್ಲ!"

"ಹಾಗಾದ್ರೆ ಅಪ್ಪನೇ ಅಳ್ತಿರೋದಾ?"

ನಗಬೇಡಿ, ಆ ಹೊತ್ತಿಗೆ ನನಗೂ ಹಾಗೇ ಅನ್ನಿಸತೊಡಗಿತ್ತು. ತನ್ನ ಕೋವಿಯನ್ನು ಹಂದಿಯ ತೊಟ್ಟಿಯಲ್ಲಿ ಬೇಯಿಸಿದರೆ ಯಾವ ಗಂಡಸು ತಾನೆ ಅಳುವುದಿಲ್ಲ?

ಮರುದಿನ ಮನೆಯ ಹೆಂಗಸರೆಲ್ಲ ಚರ್ಚಿಗೆ ಹೋಗಿದ್ದಾಗ ನಾನು ಒಬ್ಬನೇ ಕೋವಿಯ ಮುಂದೆ ಕುರ್ಚಿ ಹಾಕಿ ಕೂತೆ. ನಡು ಹಗಲು. ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಇಲ್ಲ, ಕೋಳಿಗಳ ಸದ್ದು ಕೂಡ ಇಲ್ಲ. ಒಣಬಟ್ಟೆಯಿಂದ ನಳಿಗೆಯನ್ನು ಚೆನ್ನಾಗಿ ಒರೆಸಿದೆ. ಆಮೇಲೆ ಕಾದೆ. ಸಂದಿನ ಉದ್ದಕ್ಕೂ ಸಣ್ಣ ಸಣ್ಣ ಬೆವರು ಮೂಡಿತು. ಒಂದು ಹನಿ ಇನ್ನೊಂದನ್ನು ಕೂಡಿಕೊಂಡು ದಪ್ಪಗಾಗಿ ನಿಧಾನ ಇಳಿಯಿತು. ಪಟದಲ್ಲಿ ಮಾವ ಈ ಸಲ ಊಟದ ಮೇಜನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

"ಮಾವಾ," ಅಂದೆ. "ಕೋಪಾನಾ?"

"ಹೂಂ…"

ಕುರ್ಚಿಯ ಸಮೇತ ನಾನು ಹಿಂದಕ್ಕೆ ಬಿದ್ದೆ. ಬೀಳುವಾಗ ಆಸರೆಗೆಂದು ಹಿಡಿದದ್ದು ಕೋವಿಯ ನಳಿಗೆಯನ್ನೇ. ನೆಲದ ಮೇಲೆ ಬಿದ್ದವನಿಗೆ ಎರಡು ಸಂಗತಿ ಒಟ್ಟಿಗೆ ತಿಳಿದವು. ಒಂದು, ಕಿಟಕಿಯ ಸಂದಿನಿಂದ ಬಂದ ಗಾಳಿ ನನ್ನ ಕೆನ್ನೆಗೆ ತಾಗುತ್ತಾ ನೇರ ನಳಿಗೆಯ ಬಾಯಿಯ ಕಡೆ ಹೋಗುತ್ತಿತ್ತು. ಕೊಬ್ಬೆಲ್ಲ ಬೆಂದು ಹೋಗಿ ಬಾಯಿ ತೆರೆದುಕೊಂಡಿದ್ದ ನಳಿಗೆ, ಖಾಲಿ ಸೀಸೆಯ ಬಾಯಿಗೆ ಊದಿದ ಹಾಗೆ, ಹೂಂ ಎನ್ನುತ್ತಿತ್ತು. ಎರಡು, ಮಾವನ ಕಣ್ಣೀರು ನನ್ನ ಬೆರಳಲ್ಲಿ ಸಾಬೂನಿನಂತೆ ಜಾರಿ, ಆಮೇಲೆ ಚುರುಚುರು ಉರಿಯಿತು. ಕಾಸ್ಟಿಕ್ ಸೋಡ! ನಳಿಗೆಗಳ ನಡುವಿನ ಪೊಳ್ಳಿನೊಳಗೆ ನುಗ್ಗಿ ಕೂತಿದ್ದ ದ್ರಾವಣ, ಮಂಜಿನ ತೇವ ಕುಡಿದು ಹೊರಗೆ ಒಸರುತ್ತಿತ್ತು. ಸೈನ್ಯದ ಬಂದೂಕಿಗೆ ಒಂದೇ ನಳಿಗೆ; ಅದರಲ್ಲಿ ಅಡಗಲು ಜಾಗವೇ ಇರಲಿಲ್ಲ.

ಕೈ ತೊಳೆದುಕೊಂಡು ಬಂದು ಹಾಯಾಗಿ ಉಸಿರುಬಿಟ್ಟೆ. ಬಿಟ್ಟ ಉಸಿರು ಅರ್ಧದಲ್ಲೇ ನಿಂತಿತು. ಇದನ್ನು ಅತ್ತೆಗೆ ಹೇಳುವುದು ಹೇಗೆ? ಹೇಳಿದರೆ ಹೊಸ್ತಿಲ ಮೇಲೆ ನಿಲ್ಲುವ ನನ್ನ ಪಟ್ಟ ಹೋಯಿತು. ಹೇಳದಿದ್ದರೆ ಮಗಳ ಮದುವೆ ಹೋಯಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾನು ಜಾಣ ನೋಡಿ, ನಡುವೆ ಒಂದು ದಾರಿ ಕಂಡುಹಿಡಿದೆ.

"ಅತ್ತೆ," ಅಂದೆ ಸಂಜೆ, ಕಾಫಿಯ ಲೋಟ ಕೈಗೆ ಕೊಡುತ್ತಾ. "ಅದು ಆನಂದಬಾಷ್ಪ ಯಾಕಾಗಿರಬಾರ್ದು? ಮೊಮ್ಮಗಳ ಮದುವೆ ಅಂತ ಸಂತೋಷಕ್ಕೆ ಅಳ್ತಿದ್ದಾರೆ ಮಾವ."

"ಸಂತೋಷಕ್ಕಾ? ಯೊಕ್ಸಿಮ್?" ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. "ಅವನ ಮದುವೆ ದಿನ ಜನ ಅವನಿಗೆ ಸಂತಾಪ ಹೇಳಿ ಹೋದ್ರು ಕಣೋ, ಮುಖ ಹಾಗಿತ್ತು. ನೀನು ಬಾಯ್ಮುಚ್ಚಿ ಕಾಫಿ ಕುಡಿ."

ಕುಡಿದೆ.

ಮದುವೆ ನಿಂತ ಸುದ್ದಿ ಗಂಡಿನ ಮನೆಗೂ ಮುಟ್ಟಿತು. ಹುಡುಗನ ಅಪ್ಪ ವುಕೊಟ ತಮ್ಮಂದಿರನ್ನು ಕಟ್ಟಿಕೊಂಡು ಬಂದೇಬಿಟ್ಟ. ಆತ ನಮ್ಮ ಬಾಗಿಲಲ್ಲಿ ಬಗ್ಗಿ, ಪಕ್ಕಕ್ಕೆ ತಿರುಗಿ ಒಳಗೆ ಬರಬೇಕಾದಂಥ ಆಳು. ಕೊಟ್ಟ ದ್ರಾಕ್ಷಿ ಸಾರಾಯಿ ಮುಟ್ಟಲಿಲ್ಲ. ನಮ್ಮ ಕಡೆ ಸಾರಾಯಿ ಮುಟ್ಟದೆ ಕೂತವನು ಜಗಳಕ್ಕೆ ಬಂದವನೇ. ಹೆಣ್ಣು ಕೊಡುತ್ತೇವೆಂದು ಮಾತು ಕೊಟ್ಟು ಹಿಂತೆಗೆದದ್ದಕ್ಕೆ ತಲೆಮಾರುಗಟ್ಟಲೆ ಮುಖ ನೋಡದ ಮನೆತನಗಳು ನಮ್ಮ ಬೆಟ್ಟದಲ್ಲೇ ಇವೆ.

"ಮಿಲುಶಾ, ನನ್ನ ಮಗನಲ್ಲಿ ಏನು ಕೊರತೆ ಕಂಡ್ರಿ? ಕುಂಟನಾ? ಕುರುಡನಾ?" ಅಂದ ವುಕೊಟ.

"ನಿನ್ನ ಮಗ ಬಂಗಾರ," ಅಂದರು ಅತ್ತೆ. "ಕೇಳೋದಿದ್ರೆ ಅವನನ್ನ ಕೇಳು." ಅವರ ಬೆರಳು ಗೋಡೆಯ ಕಡೆ ತಿರುಗಿತು.

ಮಂಜು ಕಿಟಕಿಗೆ ಮೈಯೊರಗಿ ನಿಂತಿತ್ತು. ಎಲ್ಲರೂ ನೋಡುತ್ತಿದ್ದಂತೆ ಹನಿ ಮೂಡಿತು, ದಪ್ಪಗಾಯಿತು, ನಡುಗಿತು, ಬಿತ್ತು. ಟಪ್! ಅದರ ಹಿಂದೆಯೇ ಗೋಡೆ ನರಳಿತು: "ಹೂಂ…"

ಬಾಗಿಲು ತುಂಬುವ ಆ ಗಂಡಸು ತನ್ನ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅವನ ಹಣೆಯ ಮೇಲೆ ಬೆವರು ಕಾಣಿಸಿತು. "ಸತ್ತವರ ಜೊತೆ ನನಗೆ ಜಗಳ ಬೇಡಮ್ಮ," ಅಂದ ಸಣ್ಣ ದನಿಯಲ್ಲಿ. "ಹುಡುಗಿ ನಿಮ್ಮನೇಲೇ ಇರ್ಲಿ." ತಮ್ಮಂದಿರಿಗೆ ಏಳಿ ಎಂದು ಸನ್ನೆ ಮಾಡಿದ.

ಕೋಣೆಯ ಬಾಗಿಲಲ್ಲಿ ನೆವೆನಾ ನಿಂತಿದ್ದಳು. ನನ್ನನ್ನು ನೋಡಿದಳು ಅಷ್ಟೆ. ಈ ಮನೆಯಲ್ಲಿ ಯಾವುದಾದರೂ ಒಂದು ಮಾತು ನಡೆಯಬೇಕಾದಾಗ ಅವಳು ಇಲ್ಲಿಯವರೆಗೆ ನನ್ನ ಕಡೆ ನೋಡಿದ್ದೇ ಇಲ್ಲ. ಅಜ್ಜಿಯನ್ನು ನೋಡುತ್ತಿದ್ದಳು, ಅಮ್ಮನನ್ನು ನೋಡುತ್ತಿದ್ದಳು. ಪಟ್ಟವೂ ಬೇಡ, ಹೊಸ್ತಿಲೂ ಬೇಡ ಅನ್ನಿಸಿತು.

"ನಿಲ್ಲಿ!" ಎಂದು ಕಿರುಚಿದೆ. "ಅದು ಕಣ್ಣೀರಲ್ಲ! ಸೋಡ! ಸಾಬೂನು ಮಾಡೋ ಸೋಡ! ಬೇಕಾದ್ರೆ ತೋರಿಸ್ತೀನಿ ನೋಡಿ!"

ಒಂದೇ ನೆಗೆತಕ್ಕೆ ಕೋವಿಯನ್ನು ಗೋಡೆಯಿಂದ ಕಿತ್ತುಕೊಂಡೆ. ಸಭೆಯ ನಡುವೆ ಅದನ್ನು ತಲೆಯ ಮೇಲೆ ಎತ್ತಿ, ಒಳಗಿರುವುದು ಉದುರಲಿ ಎಂದು ಜೋರಾಗಿ ಒದರಿದೆ.

ಒದರಿದ್ದು ಒಂದೇ ಸಲ. ನಳಿಗೆಗಳನ್ನು ಹಿಡಿದಿದ್ದ ಬೆಸುಗೆಯನ್ನೂ ಸೋಡ ತಿಂದುಹಾಕಿತ್ತು ಎಂಬುದು ಯಾರಿಗೆ ಗೊತ್ತು? ನಡುವಿನ ಪಟ್ಟಿ ಖಣ್ಣನೆ ಕಳಚಿ ಬಿದ್ದು ನೆಲದ ಮೇಲೆ ಕುಣಿಯಿತು. ನನ್ನ ತಲೆಯ ಮೇಲೆ ಎರಡು ನಳಿಗೆಗಳು ಕಿರ್ರೆಂದು ನರಳುತ್ತಾ ತುದಿಯಲ್ಲಿ ಕಾಲು ಅಗಲಿಸಿಕೊಂಡವು. ಅವುಗಳ ಸಂದಿನಿಂದ ಬಿಳಿಯ ಪುಡಿ, ಬಿಳಿಯ ಲೋಳೆ 'ಬಳಕ್' ಎಂದು ನೆಲಕ್ಕೆ ಹಾಸಿದ್ದ ಕಂಬಳಿಯ ಮೇಲೆ ಸುರಿಯಿತು.

"ಯೊಕ್ಸಿಮ್ ಒಡೆದುಹೋದ!" ಎಂದು ವುಕೊಟನ ತಮ್ಮನೊಬ್ಬ ಅರಚಿದ. ಆಮೇಲೆ ಬಾಗಿಲಲ್ಲಿ ನಡೆದ ನೂಕುನುಗ್ಗಲನ್ನು ವರ್ಣಿಸಲು ಸಾಧ್ಯವಿಲ್ಲ. ಪಕ್ಕಕ್ಕೆ ತಿರುಗಿ ಒಳಗೆ ಬಂದಿದ್ದ ವುಕೊಟ ನೆಟ್ಟಗೇ ಹೊರಗೆ ಹೋದ. ಚೌಕಟ್ಟಿನ ಒಂದು ಪಕ್ಕ ಅವನ ಜೊತೆಗೇ ಹೋಯಿತು. ಅಂಗಳದ ಮಂಜಿನಲ್ಲಿ ಅವರೆಲ್ಲ ಪ್ರಾರ್ಥನೆ ಹೇಳುವುದು ಕೇಳಿಸುತ್ತಿತ್ತು.

ಅತ್ತೆ ಮಾತ್ರ ಕೂತ ಜಾಗದಿಂದ ಕದಲಲಿಲ್ಲ. ನಾನು ಅವರ ಮುಂದೆ ಮಂಡಿಯೂರಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಒಂದೂ ಬಿಡದೆ ಎಲ್ಲ ಹೇಳಿದೆ.

"ನಿಕ್ಷಿಚ್‌ಗೆ ಹೋಗ್ಲೇ ಇಲ್ಲ?"

"ಇಲ್ಲ ಅತ್ತೆ."

"ನನ್ನ ಪೆಟ್ಲುಪ್ಪು?"

"ಹಾಕ್ದೆ."

"ಬೇಯ್ಸಿದ್ದು ಎಲ್ಲಿ?"

"ಹಂದಿ ತೊಟ್ಟೀಲಿ."

ಬಾಗಿಲಲ್ಲಿ ನಿಂತ ದರಿಂಕಾ ಕಣ್ಣು ಮುಚ್ಚಿಕೊಂಡಳು. ಅತ್ತೆ ಬಹಳ ಹೊತ್ತು ಕಂಬಳಿಯ ಮೇಲಿನ ಬಿಳಿಯ ರಾಶಿಯನ್ನೇ ನೋಡಿದರು.

"ಹಾಗಾದ್ರೆ ಅವನು ಅಳ್ಲಿಲ್ಲ," ಅಂದರು.

"ಇಲ್ಲ ಅತ್ತೆ."

"ಹೂಂ ಅಂದಿದ್ದು?"

"ಗಾಳಿ."

ಅತ್ತೆ ಪಟದ ಕಡೆ ತಿರುಗಿದರು. "ನಮ್ಮ ಮೊದಲ್ನೇ ಗಂಡುಮಗು ಹೋದಾಗ ನಾನು ನೆಲಕ್ಕೆ ಬಿದ್ದು ಹೊರಳಾಡ್ತಿದ್ದೆ. ಅವನು ಗೋಡೆ ನೋಡ್ಕೊಂಡು ನಿಂತಿದ್ದ. ಒಂದು ಹನಿ ಇಲ್ಲ. ಇವನಿಗೆ ಎದೇಲಿ ಏನೂ ಇಲ್ವೇನೋ ಅಂದ್ಕೊಂಡು ಅಷ್ಟು ವರ್ಷ ಬಾಳ್ವೆ ಮಾಡ್ದೆ. ಈಗ, ಇಷ್ಟು ದಿನ, ಬೆಳಿಗ್ಗೆ ಎದ್ದು ಅವನ ಎದುರಿಗೆ ಕೂತ್ಕೋತಿದ್ದೆ. ನಾನು ಒಂದು ಮಾತು ಹೇಳೋದು, ಅವನು ಹೂಂ ಅನ್ನೋದು. ಎಷ್ಟು ಹಿತವಾಗಿತ್ತು ಗೊತ್ತೇನೋ ನಿಂಗೆ?"

ನನಗೆ ಅವರು ಬೈದಿದ್ದರೆ ಸಾಕಾಗಿತ್ತು. ಹೊಡೆದಿದ್ದರೆ ಇನ್ನೂ ಒಳ್ಳೆಯದಿತ್ತು. ಅತ್ತೆ ಶಾಲಿಲ್ಲದ ಬರಿಯ ಹೆಗಲನ್ನು ಒಮ್ಮೆ ತಡವಿಕೊಂಡು ಎದ್ದರು. ಮುರಿದ ಬಾಗಿಲಿಗೆ ಹೋಗಿ ಅಂಗಳದ ಕಡೆ ಕೂಗಿದರು. "ವುಕೊಟ! ಒಳಗೆ ಬಾ, ಸಾರಾಯಿ ಕುಡಿ! ಸತ್ತವನದ್ದೇನೂ ತಕರಾರಿಲ್ಲ, ಬದುಕಿರೋ ಒಬ್ಬನ ತಲೆ ಸರಿ ಇಲ್ಲ ಅಷ್ಟೆ. ಮದುವೆ ನಡೀಲಿ!"

ಮದುವೆ ನಡೆಯಿತು. ಹೊಸ್ತಿಲ ಮೇಲೆ ನಿಂತು ಕೋವಿ ಹಾರಿಸಿದ್ದು ನಮ್ಮ ಅತ್ತೆ, ವುಕೊಟನ ಮನೆಯಿಂದ ಎರವಲು ತಂದ ಕೋವಿಯಿಂದ. ಅವರ ಬಲಗಡೆ ತೋಟಾಗಳ ತಟ್ಟೆ ಹಿಡಿದು ನಿಂತವನು ನಾನು. ಊರಿನವರಿಗೆಲ್ಲ ವಿಷಯ ತಿಳಿದಿತ್ತು. ನನ್ನ ಹೆಸರು ಈಗ 'ದರಿಂಕಾಳ ಬ್ಲಾಗೊತ' ಅಲ್ಲ. ಅದನ್ನು ಕೇಳಿಸಿಕೊಂಡಿದ್ದೇನೆ, ಬರೆಯಲಾರೆ. ಆದರೆ ನೆವೆನಾ ಹೊರಡುವಾಗ ನನ್ನ ಕೆನ್ನೆಗೆ ಮುತ್ತಿಟ್ಟು, "ಅಪ್ಪಾ, ಆ ದಿನ ಕಿರುಚಿದ್ಯಲ್ಲ," ಎಂದು ನಕ್ಕಳು. ಅಷ್ಟಕ್ಕೇ ನನಗೆ ಹೆಸರಿನ ಚಿಂತೆ ಬಿಟ್ಟುಹೋಯಿತು.

ಬೀಗರು ಹೋದ ಮೇಲೆ ಮನೆ ಖಾಲಿಯಾಯಿತು. ಉತ್ತರದ ಒಣಗಾಳಿ ಬೀಸಿ ಮಂಜೆಲ್ಲ ಹಾರಿಹೋಗಿ ನಡುಮನೆಗೆ ಬಿಸಿಲು ಬಿತ್ತು. ಮುರಿದ ಕೋವಿಯನ್ನು ಯಾರಿಗೂ ಕಾಣದ ಹಾಗೆ ಬಾವಿಗೆ ಹಾಕಿಬಿಡೋಣ ಎಂದುಕೊಂಡು ಒಳಗೆ ಹೋದೆ. ಕೋವಿ ಗೋಡೆಯ ಮೇಲಿತ್ತು! ಪಟ್ಟಿಯನ್ನು ಜಾಗಕ್ಕೆ ಕೂಡಿಸಿ, ನಳಿಗೆಗಳನ್ನು ಒತ್ತಿ, ಉಣ್ಣೆಯ ದಾರದಿಂದ ಸುತ್ತಿ ಸುತ್ತಿ ಬಿಗಿದು ಕಟ್ಟಿದ್ದರು. ಅದರ ಎದುರಿಗೆ, ನಾನು ಬಿದ್ದ ಅದೇ ಕುರ್ಚಿಯಲ್ಲಿ, ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕೈ ಚಾಚಿ ಸಂದಿನ ಉದ್ದಕ್ಕೂ ಬೆರಳಾಡಿಸಿದರು. ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ಏನೂ ಅಂಟಿರಲಿಲ್ಲ.

"ಬ್ಲಾಗೊತ," ಅಂದರು ತಿರುಗಿ ನೋಡದೆ. "ನಿನ್ನ ಮಾವ ಅಳೋದು ನಿಲ್ಲಿಸಿಬಿಟ್ಟಿದ್ದಾನೆ. ಹೋಗಿ ಒಲೆ ಹಚ್ಚು, ಆ ತೊಟ್ಟಿ ಇಡು."